ಬೀರುವಿನಲ್ಲಿರುವ ಕಾರ್ಡಿನ ತಾರೀಖು ನೋಡಿ

2003, 2004, 2005ರ ಸುಮಾರಿಗೆ ಗಾಡಿ ಕಲಿತು ಲೈಸೆನ್ಸ್ ಮಾಡಿಸಿಕೊಂಡ ಎಲ್ಲ ಅಕ್ಕತಂಗಿಯರಿಗೆ,



ಈ ಪತ್ರವನ್ನು ಇಷ್ಟಕ್ಕೇ ಮಡಚಿಟ್ಟು ನೀವು ಎದ್ದುಹೋಗಿ ಬೀರುವಿನ ಬಾಗಿಲು ತೆಗೆದರೆ ನನಗೆ ಅದಕ್ಕಿಂತ ಸಂತೋಷ ಬೇರೆ ಇಲ್ಲ. ರೇಷ್ಮೆ ಸೀರೆಗಳ ಕೆಳಗೆ, ಮಕ್ಕಳ ಜನನ ಪ್ರಮಾಣಪತ್ರ, ಎಲ್‌ಐಸಿ ಬಾಂಡು, ಮನೆ ಕಂದಾಯದ ರಸೀದಿ ತುಂಬಿದ ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲೋ ಒಂದು ಕಡೆ ನಿಮ್ಮ ಡಿಎಲ್ ಇದೆ. ಅದರಲ್ಲಿ ಇಪ್ಪತ್ತು ವರ್ಷದ ಹಿಂದಿನ ನಿಮ್ಮ ಮುಖವಿದೆ. ಮುಖದ ಆಚೀಚೆ ಎಲ್ಲೋ ಸಣ್ಣ ಅಕ್ಷರದಲ್ಲಿ ಒಂದು ತಾರೀಖಿದೆ. ಅದನ್ನು ನೋಡಿ ಬನ್ನಿ.

ನಾನು ನೋಡಲಿಲ್ಲ. ಹದಿನೈದು ತಿಂಗಳು ನೋಡಲಿಲ್ಲ.

ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಮನೆಯಿಂದ ಶಾಲೆಗೆ ಹನ್ನೊಂದು ಕಿಲೋಮೀಟರು. ನಡುವೆ ಎರಡು ಇಳಿಜಾರು, ಹಳ್ಳಕ್ಕೊಂದು ಕಿರುಸೇತುವೆ, ಅಡಿಕೆ ತೋಟದ ನೆರಳಿನಲ್ಲಿ ವರ್ಷವಿಡೀ ಹಾವಸೆ ಕಟ್ಟಿರುವ ಒಂದು ತಿರುವು. ಈ ದಾರಿಯಲ್ಲಿ ದಿನಕ್ಕೆರಡು ಬಾರಿ ನನ್ನ ಸ್ಕೂಟರ್ ಓಡುತ್ತದೆ. ಕಳೆದ ಸೆಪ್ಟೆಂಬರಿನಲ್ಲಿ ಗಾಡಿಯ ಇನ್ಶೂರೆನ್ಸ್ ಮುಗಿಯಲು ನಾಲ್ಕು ದಿನವಿದೆ ಎಂದು ಸೈಬರ್ ಸೆಂಟರಿಗೆ ಹೋದೆ. ಅರ್ಜಿ ತುಂಬುತ್ತಿದ್ದ ಹುಡುಗ ತಲೆಯೆತ್ತದೆ ಕೇಳಿದ: “ಮೇಡಂ, ಡಿಎಲ್ ಯಾವ ತಾರೀಖಿನವರೆಗೆ ಇದೆ?” ಪರ್ಸಿನಿಂದ ಕಾರ್ಡು ತೆಗೆದು ಅವನ ಕೈಗೇ ಕೊಟ್ಟೆ. ಅವನು ಹಿಂದೆ ಮುಂದೆ ತಿರುಗಿಸಿ, ಆಮೇಲೆ ನನ್ನ ಮುಖ ನೋಡಿದ. 2024ರ ಜೂನ್‌ನಲ್ಲೇ ಅದು ಮುಗಿದಿತ್ತು.

ಆ ಕ್ಷಣ ನನಗೆ ನೆನಪಾದದ್ದು ಪೊಲೀಸರಲ್ಲ, ದಂಡವಲ್ಲ. ಆ ಹದಿನೈದು ತಿಂಗಳಲ್ಲಿ ನನ್ನ ಹಿಂದೆ ಕೂತು ಬಂದ ಮಗಳು. ಮಳೆಗಾಲದ ಒಂದು ಸಂಜೆ ಬಸ್ಸು ತಪ್ಪಿತೆಂದು ನಾನು ಕೂರಿಸಿಕೊಂಡು ಬಂದ ಒಂಬತ್ತನೇ ಕ್ಲಾಸಿನ ಹುಡುಗಿ. ಆ ಹಾವಸೆಯ ತಿರುವಿನಲ್ಲಿ ಚಕ್ರ ಒಮ್ಮೆ ಜಾರಿದ್ದಿದ್ದರೆ ನಾನು ಆ ಮಗುವಿನ ಅಪ್ಪ ಅಮ್ಮನಿಗೆ ಏನೆಂದು ಹೇಳುತ್ತಿದ್ದೆ?

ನಮ್ಮ ವಯಸ್ಸಿನವರಿಗೇ ಈ ಪತ್ರ ಯಾಕೆ ಎಂದು ಕೇಳಬಹುದು. ಲೆಕ್ಕ ಸರಳ. ನಾವು ಲೈಸೆನ್ಸ್ ಮಾಡಿಸಿದಾಗ ಇದ್ದ ಕಾನೂನಿನ ಪ್ರಕಾರ ಸ್ವಂತ ಗಾಡಿಯ ಲೈಸೆನ್ಸು ಕೊಟ್ಟ ದಿನದಿಂದ 20 ವರ್ಷ, ಇಲ್ಲವೇ ನಮಗೆ 50 ತುಂಬುವವರೆಗೆ, ಎರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತಿತ್ತು. ಇಪ್ಪತ್ತರ ಹರೆಯದಲ್ಲಿದ್ದ ನಮಗೆ ಅದು ಮುಗಿಯದ ಕಾಲದಂತೆ ಕಂಡಿತು. 2003ರಲ್ಲಿ ಸ್ಕೂಟಿ ಪೆಪ್ ಬಂದಾಗ ನಮ್ಮೂರಿನಂಥ ಊರುಗಳಲ್ಲಿ ಎಷ್ಟು ಹುಡುಗಿಯರು ಗಾಡಿ ಹತ್ತಿದರು ನೆನಪಿದೆಯಲ್ಲ? ಟಿಸಿಎಚ್, ಬಿ.ಎಡ್. ಮುಗಿಸಿದವರು, ನರ್ಸಿಂಗ್ ಓದಿದವರು, ಸೊಸೈಟಿಯಲ್ಲಿ ಕೆಲಸಕ್ಕೆ ಸೇರಿದವರು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾಗಿ ಆಶಾ ಕಾರ್ಯಕರ್ತೆಯರಾದವರಲ್ಲೂ ಎಷ್ಟೋ ಜನ ಹಾಗೆ ಕಲಿತವರೇ. ಆ ಇಪ್ಪತ್ತು ವರ್ಷಗಳು ಈಗ ಒಂದೊಂದಾಗಿ ತುಂಬುತ್ತಿವೆ. ಯಾರೂ ಮನೆಗೆ ಬಂದು ಹೇಳುವುದಿಲ್ಲ. ಕರೆಂಟ್ ಬಿಲ್ಲು ತಿಂಗಳಿಗೊಮ್ಮೆ ನೆನಪಿಸುತ್ತದೆ, ಗ್ಯಾಸ್ ತಾನೇ ಖಾಲಿಯಾಗಿ ನೆನಪಿಸುತ್ತದೆ. ಇಪ್ಪತ್ತು ವರ್ಷಕ್ಕೊಮ್ಮೆ ಬರುವ ಕೆಲಸವನ್ನು ನೆನಪಿಟ್ಟುಕೊಳ್ಳುವ ರೂಢಿ ನಮ್ಮ ಯಾವ ಮನೆಯಲ್ಲೂ ಇಲ್ಲ.

ಸೈಬರಿನಿಂದ ಬಂದು ಚಿಕ್ಕಮ್ಮನಿಗೆ ಫೋನು ಮಾಡಿದೆ. “ಅದಕ್ಕೆಲ್ಲಾ ಯಾಕೆ ಗಾಬರಿ ಆಗ್ತೀಯೆ? ಐದು ವರ್ಷದೊಳಗೆ ಮಾಡಿಸಿದ್ರೆ ಆಯ್ತು” ಎಂದರು. ಶಾಲೆಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು, ಮುಗಿದ ಮೇಲೂ ಮೂವತ್ತು ದಿನ ಓಡಿಸಬಹುದು ಎಂದರು. ಇನ್ನೊಬ್ಬರು, ಕೊರೋನಾದಲ್ಲಿ ಸರ್ಕಾರವೇ ಮುಂದೂಡಿದೆಯಲ್ಲ ಎಂದರು. ಮೂವರೂ ಸುಳ್ಳು ಹೇಳಲಿಲ್ಲ. ಮೂವರೂ ಹೇಳಿದ್ದು ಹಳೆಯ ಕಾಲದ ನಿಜ, ಅದಕ್ಕೇ ಜನ ಅದನ್ನು ಇನ್ನೂ ನಂಬುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲು ಮೂವತ್ತು ದಿನದ ರಿಯಾಯಿತಿ ಇತ್ತು. ಐದು ವರ್ಷದವರೆಗೆ ಪರೀಕ್ಷೆಯಿಲ್ಲದೆ ನವೀಕರಿಸಿಕೊಳ್ಳುವ ಅವಕಾಶವೂ ಇತ್ತು. 2019ರ ತಿದ್ದುಪಡಿ ಎರಡನ್ನೂ ಬದಲಿಸಿತು. ಅದರ ಪ್ರಕಾರ ಕಾರ್ಡಿನ ಮೇಲಿರುವ ತಾರೀಖು ದಾಟಿದ ಮಾರನೆಯ ದಿನದಿಂದಲೇ ಲೈಸೆನ್ಸಿಗೆ ಬೆಲೆಯಿಲ್ಲ. ನವೀಕರಣಕ್ಕೆ ಮುಗಿಯುವ ಒಂದು ವರ್ಷ ಮೊದಲಿನಿಂದ, ಮುಗಿದ ಒಂದು ವರ್ಷದವರೆಗೆ ಅರ್ಜಿ ಹಾಕಬಹುದು. ಆ ವರ್ಷವೂ ಕಳೆದರೆ ಮತ್ತೆ ಟ್ರ್ಯಾಕಿಗೆ ಇಳಿದು ಗಾಡಿ ಓಡಿಸಿ ತೋರಿಸಬೇಕು. ಇನ್ನು ಕೊರೋನಾ ಕಾಲದ ಸವಲತ್ತು 2020ರ ಫೆಬ್ರುವರಿ 1ರ ನಂತರ ಮುಗಿದವುಗಳಿಗೆ ಕೊಟ್ಟದ್ದು, ಅದು 2021ರಲ್ಲೇ ಮುಗಿದುಹೋಯಿತು.

ಅಕ್ಕತಂಗಿಯರೇ, ಅರ್ಜಿ ಹಾಕಲು ಒಂದು ವರ್ಷ ಅವಕಾಶವಿದೆ ಎಂದರೆ ಆ ವರ್ಷ ಗಾಡಿ ಓಡಿಸಬಹುದು ಎಂದು ಅರ್ಥವಲ್ಲ. ಈ ಒಂದು ತಪ್ಪು ತಿಳಿವಳಿಕೆಯಲ್ಲೇ ಎಷ್ಟೋ ಜನ ಇದ್ದಾರೆ. ದಯವಿಟ್ಟು ಇದನ್ನು ನಿಮ್ಮ ಪಕ್ಕದ ಮನೆಯವರಿಗೂ ಹೇಳಿ.

ದಂಡದ ಮಾತು ಬೇಗ ಮುಗಿಸುತ್ತೇನೆ. ಲೈಸೆನ್ಸ್ ಇಲ್ಲದೆ ಓಡಿಸಿದರೆ ಕೇಂದ್ರದ ಕಾಯ್ದೆಯಲ್ಲಿ 5,000 ರೂಪಾಯಿ ದಂಡವಿದೆ, ಮೂರು ತಿಂಗಳವರೆಗಿನ ಜೈಲೂ ಇದೆ. ಗೊತ್ತಿದ್ದೂ ಗಾಡಿ ಕೊಟ್ಟ ಮಾಲೀಕರಿಗೆ ಬೇರೆ ಶಿಕ್ಷೆ. ನಮ್ಮ ರಾಜ್ಯ 2019ರ ಸೆಪ್ಟೆಂಬರಿನಲ್ಲಿ ಸ್ಥಳದಲ್ಲೇ ಕಟ್ಟುವ ಹಲವು ದಂಡಗಳನ್ನು ಇಳಿಸಿತು. ದುಡ್ಡಿನ ದಂಡ ಕಟ್ಟಿ ಮರೆಯಬಹುದು. ನಾನು ರಾತ್ರಿಯೆಲ್ಲ ನಿದ್ದೆಗೆಟ್ಟು ಓದಿದ್ದು ಇನ್ಶೂರೆನ್ಸಿನ ಕಾಗದವನ್ನು.

ನಿಮ್ಮ ಪಾಲಿಸಿ ತೆಗೆದು ನೋಡಿದರೆ ಅದರಲ್ಲಿ ‘ಮಾಲೀಕ-ಚಾಲಕ’ ಎಂಬ ವೈಯಕ್ತಿಕ ಅಪಘಾತ ವಿಮೆ ಕಾಣುತ್ತದೆ. ಮೊತ್ತ 15 ಲಕ್ಷ ರೂಪಾಯಿ. ಗಾಡಿ ಯಾರ ಹೆಸರಿನಲ್ಲಿದೆಯೋ ಅವರೇ ಓಡಿಸುವಾಗ ಜೀವಹಾನಿಯಾದರೆ ಮನೆಯವರಿಗೆ ಸಿಗುವ ಹಣ ಅದು. ಅದಕ್ಕಿರುವ ಷರತ್ತು, ಅಪಘಾತದ ದಿನ ಓಡಿಸುತ್ತಿದ್ದವರ ಬಳಿ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು. ಹದಿನೈದು ತಿಂಗಳು ನಾನು ಪ್ರೀಮಿಯಂ ಕಟ್ಟಿದ್ದೇನೆ, ನನ್ನ ಮಕ್ಕಳಿಗೆ ಮಾತ್ರ ಆ ವಿಮೆ ಇರಲಿಲ್ಲ. ನನ್ನಿಂದ ಬೇರೆಯವರಿಗೆ ಪೆಟ್ಟಾಗಿದ್ದರೆ? ಗಾಯಗೊಂಡವರು ಬೀದಿಗೆ ಬೀಳಬಾರದೆಂದು ನ್ಯಾಯಾಲಯಗಳು ಮೊದಲು ಇನ್ಶೂರೆನ್ಸ್ ಕಂಪನಿಯಿಂದಲೇ ಪರಿಹಾರ ಕೊಡಿಸುವುದುಂಟು. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನು ವಿವರವಾಗಿ ನೋಡಿದೆ. ಮಾಲೀಕರು ಬೇಜವಾಬ್ದಾರಿಯಿಂದ ಷರತ್ತು ಮುರಿದರು ಎಂಬುದನ್ನು ಕಂಪನಿ ಸಾಬೀತು ಮಾಡಬೇಕು, ಮಾಡಿದರೆ ಕೊಟ್ಟ ಹಣವನ್ನು ಅವರಿಂದಲೇ ವಸೂಲಿ ಮಾಡಬಹುದು. ಗಾಡಿಯೂ ನನ್ನದು, ಓಡಿಸುವವಳೂ ನಾನು, ಕಾರ್ಡೂ ನನ್ನ ಪರ್ಸಿನಲ್ಲೇ ಇತ್ತು. ಗೊತ್ತಿರಲಿಲ್ಲ ಎಂದು ನಾನು ಯಾರ ಮುಂದೆ ಹೇಳಲಿ?

ಇಲ್ಲಿ ಇನ್ನೊಂದು ವಿಷಯ. ನಮ್ಮಲ್ಲಿ ಎಷ್ಟೋ ಜನರ ಸ್ಕೂಟರು ಯಜಮಾನರ ಹೆಸರಿನಲ್ಲಿದೆ. ಓಡಿಸುವವರು ನಾವು, ಆರ್‌ಸಿ ಅವರದು. ಆಗ ಆ 15 ಲಕ್ಷದ ವಿಮೆ ನಮ್ಮನ್ನು ಕಾಯುವುದಿಲ್ಲ, ಅದು ಮಾಲೀಕರಿಗೆ ಮಾತ್ರ. ಮುಂದಿನ ಗಾಡಿ ತೆಗೆದುಕೊಳ್ಳುವಾಗ ಮನೆಯಲ್ಲಿ ಕೂತು ಈ ಮಾತನ್ನು ಆಡಿ. ಜಗಳವಾಡಬೇಕಿಲ್ಲ, ಪಾಲಿಸಿಯ ಆ ಪುಟವನ್ನು ತೋರಿಸಿದರೆ ಸಾಕು.

ಮಾರನೆಯ ದಿನದಿಂದ ಗಾಡಿಯನ್ನು ಮನೆ ಮುಂದೆ ನಿಲ್ಲಿಸಿ, ಗೋಣಿಚೀಲ ಹೊದಿಸಿ, ಬಸ್ಸಿಗೆ ಹೋದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಿದೆ, ನಮಗೆ ಟಿಕೆಟ್ಟಿನ ಖರ್ಚಿಲ್ಲ, ಅದರ ಋಣ ದೊಡ್ಡದು. ಆದರೆ ನಮ್ಮ ದಾರಿಗೆ ಬೆಳಿಗ್ಗೆ ಇರುವುದೊಂದೇ ಬಸ್ಸು, ಏಳೂಮುಕ್ಕಾಲಿಗೆ. ಸಂಜೆ ನಾಲ್ಕು ಗಂಟೆಯದು ತಪ್ಪಿದರೆ ಆರೂವರೆವರೆಗೆ ಇಲ್ಲ. ಎರಡು ತಿಂಗಳು ನಾನು ಸ್ಪೆಷಲ್ ಕ್ಲಾಸ್ ಬಿಟ್ಟೆ. ಅತ್ತೆಯವರ ಬಿಪಿ ಮಾತ್ರೆ ತರಲು ಯಾರನ್ನಾದರೂ ಕೇಳಬೇಕಾಯಿತು. ಮಗಳ ಟ್ಯೂಷನ್ನಿಗೆ ಯಜಮಾನರು ಕೆಲಸ ಬಿಟ್ಟು ಬರಬೇಕಾಯಿತು. ಯಾರೂ ಬೇಸರ ಮಾಡಲಿಲ್ಲ. ಆದರೆ ಇಪ್ಪತ್ತು ವರ್ಷದಿಂದ ಯಾರನ್ನೂ ಕೇಳದೆ ಹೋಗಿ ಬರುತ್ತಿದ್ದವಳಿಗೆ ಪ್ರತಿ ಸಲವೂ “ಸ್ವಲ್ಪ ಬಿಟ್ಟು ಬರ್ತೀರಾ?” ಎಂದು ಕೇಳುವಾಗ ಗಂಟಲು ಕಟ್ಟುತ್ತಿತ್ತು. ಆ ಕಾರ್ಡು ಇಷ್ಟು ವರ್ಷ ನನಗೆ ಏನನ್ನು ಕೊಟ್ಟಿತ್ತು ಎಂಬುದು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ತಿಳಿಯಿತು.

ಅರ್ಜಿಯ ವಿಷಯಕ್ಕೆ ಬರುತ್ತೇನೆ. ಕೆಲಸ ಶುರುವಾಗುವುದು ಸರ್ಕಾರದ ‘ಸಾರಥಿ’ ಎಂಬ ಆನ್‌ಲೈನ್ ಪೋರ್ಟಲಿನಲ್ಲಿ. ಲೈಸೆನ್ಸ್ ನಂಬರು ಮತ್ತು ಹುಟ್ಟಿದ ತಾರೀಖು ಹಾಕಿದರೆ ನಿಮ್ಮ ದಾಖಲೆ ಬರುತ್ತದೆ. ಆ ನಂಬರಿಗೂ ಒಂದು ಕ್ರಮವಿದೆ: ಮೊದಲು ರಾಜ್ಯ ಮತ್ತು ಕಚೇರಿಯ ಗುರುತು, ಮೈಸೂರಿನದಾದರೆ ಕೆಎ 09, ಮಂಗಳೂರಾದರೆ ಕೆಎ 19, ಧಾರವಾಡವಾದರೆ ಕೆಎ 25, ಆಮೇಲೆ ಲೈಸೆನ್ಸ್ ಕೊಟ್ಟ ವರ್ಷ, ಕೊನೆಗೆ ಏಳು ಅಂಕಿ. ಹಳೆಯ ಕಾರ್ಡಿನಲ್ಲಿ ಕೊನೆಯ ನಂಬರು ಚಿಕ್ಕದಿದ್ದರೆ ಮುಂದೆ ಸೊನ್ನೆಗಳನ್ನು ಸೇರಿಸಿ ಏಳು ಮಾಡಬೇಕು. ಪುಸ್ತಕದ ರೂಪದ ಹಳೆಯ ಲೈಸೆನ್ಸ್ ಇರುವವರ ದಾಖಲೆ ಕಂಪ್ಯೂಟರಿನಲ್ಲಿ ಇಲ್ಲದೆಯೂ ಇರಬಹುದು. ಅಂಥವರು ಮೂಲ ಪುಸ್ತಕವನ್ನೇ ಹಿಡಿದು ಕಚೇರಿಗೆ ಹೋಗಿ, ಅಲ್ಲಿ ಬ್ಯಾಕ್‌ಲಾಗ್ ಎಂದು ಕರೆಯುವ ನೋಂದಣಿ ಮಾಡಿಸಿಕೊಳ್ಳಬೇಕು. ಆ ಪುಸ್ತಕ ಹರಿದಿದ್ದರೂ ಎಸೆಯಬೇಡಿ.

ನನ್ನ ದಾಖಲೆ ಬಂತು. ಮುಂದಿನ ಹೆಜ್ಜೆಯಲ್ಲಿ ನಿಂತುಹೋದೆ. ಆಧಾರಿನ ಓಟಿಪಿ ನನ್ನ ಫೋನಿಗೆ ಬರಲಿಲ್ಲ. ಅದು ಹೋದದ್ದು ಯಜಮಾನರ ಫೋನಿಗೆ, ಅವರು ಆಗ ತೋಟದಲ್ಲಿದ್ದರು, ಅಲ್ಲಿ ಸಿಗ್ನಲ್ ಇಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ ಆಧಾರ್ ಮಾಡಿಸುವಾಗ ಮನೆಗೊಂದೇ ಮೊಬೈಲ್ ಇತ್ತು, ಎಲ್ಲರಿಗೂ ಅದೇ ನಂಬರು ಕೊಟ್ಟಿದ್ದೆವು. ನಿಮ್ಮದೂ ಹಾಗೇ ಇರಬಹುದು. ನಾನು ಅಂದು ಸಂಜೆಯೇ ತೀರ್ಮಾನಿಸಿ, ಆ ವಾರ ಆಧಾರ್ ಕೇಂದ್ರಕ್ಕೆ ಹೋಗಿ ನನ್ನ ನಂಬರನ್ನು ಸೇರಿಸಿಕೊಂಡೆ. ಒಂದು ಮಧ್ಯಾಹ್ನ ಸಾಲಿನಲ್ಲಿ ನಿಂತದ್ದು ಬಿಟ್ಟರೆ ಬೇರೆ ಕಷ್ಟವಿಲ್ಲ. ಇದು ಯಜಮಾನರ ಮೇಲಿನ ಅಪನಂಬಿಕೆಯಲ್ಲ. ನನ್ನ ಹೆಸರಿನ ಕೆಲಸಕ್ಕೆ ನನ್ನ ಕೈಯಲ್ಲೇ ಬೀಗದಕೈ ಇರಬೇಕು, ಅಷ್ಟೇ.

ಹೆಸರಿನ ತೊಡಕು ಇನ್ನೊಂದು. ಲೈಸೆನ್ಸಿನಲ್ಲಿ ಇನಿಷಿಯಲ್ಲು, ಆಧಾರಿನಲ್ಲಿ ಪೂರ್ತಿ ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಮತ್ತೊಂದು. ಜೊತೆಗೆ ನನ್ನ ಹಳೆಯ ಕಾರ್ಡಿನಲ್ಲಿ ಇದ್ದದ್ದು ಅಪ್ಪನ ಹೆಸರು, ತವರಿನ ವಿಳಾಸ. “ಈಗ ಗಂಡನ ಹೆಸರು ಹಾಕಿಸ್ಬೇಕು ಮೇಡಂ, ಇಲ್ಲಾಂದ್ರೆ ಆಗಲ್ಲ” ಎಂದು ಹೇಳಿದವರಿದ್ದಾರೆ. ಅಂಥ ಕಡ್ಡಾಯವೇನೂ ಇಲ್ಲ. ವಿಳಾಸ ಬದಲಾಗಿದ್ದರೆ ಅದನ್ನು ಪುರಾವೆ ಕೊಟ್ಟು ಬದಲಿಸಿಕೊಳ್ಳಿ, ಕಾರ್ಡು ಅಂಚೆಯಲ್ಲಿ ಬರುವುದು ಆ ವಿಳಾಸಕ್ಕೇ. ಅಪ್ಪನ ಹೆಸರನ್ನು ನಾನು ಹಾಗೇ ಉಳಿಸಿಕೊಂಡೆ. 2004ರಲ್ಲಿ ಎಪಿಎಂಸಿ ಯಾರ್ಡಿನ ಬಯಲಿನಲ್ಲಿ ಗಾಡಿಯ ಹಿಂದೆ ಓಡುತ್ತ, “ಬಿಡ್ತೀನಿ ನೋಡು, ಹೆದರ್ಬೇಡ” ಎಂದು ಕ್ಯಾರಿಯರ್ ಬಿಟ್ಟವರು ಅವರು. ಈಗ ಅವರಿಲ್ಲ. ಆ ಕಾರ್ಡಿನ ಮೇಲಾದರೂ ಇರಲಿ ಅನ್ನಿಸಿತು. ಮದುವೆಯಾಗಿ ಬೇರೆ ಜಿಲ್ಲೆಗೆ ಬಂದವರು ತವರಿನ ಕಚೇರಿಗೇ ಹೋಗಬೇಕೆಂದೂ ಇಲ್ಲ, ಈಗ ಇರುವ ಊರಿನ ಆರ್‌ಟಿಒದಲ್ಲೇ ನವೀಕರಿಸಿಕೊಳ್ಳಬಹುದು.

ಹಣದ ವಿಷಯ ಇಲ್ಲಿ ಹೇಳಬೇಕು, ಯಾಕೆಂದರೆ ಮೋಸವಾಗುವುದು ಇಲ್ಲೇ. ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ನವೀಕರಣದ ಶುಲ್ಕ 200 ರೂಪಾಯಿ, ಸ್ಮಾರ್ಟ್ ಕಾರ್ಡಿಗೆ ಇನ್ನೊಂದು 200. ತಡವಾದರೆ 300, ಜೊತೆಗೆ ತಡವಾದ ಪ್ರತಿ ವರ್ಷಕ್ಕೂ, ವರ್ಷದ ಒಂದು ತುಣುಕಿಗೂ, 1,000 ರೂಪಾಯಿ ಹೆಚ್ಚುವರಿ. ತಾರೀಖಿಗೆ ಮೊದಲೇ ಹೋದವರಿಗೆ ಒಂದು ಹಬ್ಬದ ಹೂವಿನ ಖರ್ಚಿನಷ್ಟರಲ್ಲಿ ಮುಗಿಯುವ ಕೆಲಸ. 2021ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಆಧಾರ್ ದೃಢೀಕರಣದ ಮೇಲೆ ಕಚೇರಿಗೆ ಹೋಗದೆ ಪಡೆಯಬಹುದಾದ 18 ಸೇವೆಗಳನ್ನು ಪಟ್ಟಿ ಮಾಡಿತು. ಪರೀಕ್ಷೆ ಬೇಡದ ನವೀಕರಣ ಆ ಪಟ್ಟಿಯಲ್ಲಿದೆ. ನನಗೆ ಸಿಕ್ಕ ಏಜೆಂಟ್ ಒಬ್ಬ ನಾಲ್ಕೂವರೆ ಸಾವಿರ ಕೇಳಿದ. “ನೀವು ಬರೋದೇ ಬೇಡ ಮೇಡಂ, ಟ್ರ್ಯಾಕಿಗೂ ಬೇಡ” ಎಂದ. ಕೊಡಲಿಲ್ಲ. ಮಕ್ಕಳಿಗೆ ಕಾಪಿ ಹೊಡೆಯಬೇಡಿ ಎಂದು ಹೇಳುವ ಬಾಯಿ ನನ್ನದು. ಅದಕ್ಕಿಂತ ಹೆಚ್ಚಾಗಿ, ಆ ಹಾವಸೆಯ ತಿರುವಿಗೆ ಏಜೆಂಟನ ಪರಿಚಯವಿಲ್ಲ.

ನಲವತ್ತು ದಾಟಿದವರು ಡಾಕ್ಟರಿಂದ ಒಂದು ಪ್ರಮಾಣಪತ್ರ ತರಬೇಕು, ನಮೂನೆ 1-ಎ ಎಂದು ಅದರ ಹೆಸರು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕೆನಿಸುತ್ತದೆ. ಬಹಳ ಕಡೆ ಇದು ಒಂದು ಸಹಿ, ಒಂದು ಸೀಲು, ಮುಗಿಯಿತು. ನಾನೂ ಹಾಗೇ ಅಂದುಕೊಂಡು ಹೋಗಿದ್ದೆ. ನಮ್ಮೂರ ಡಾಕ್ಟರಮ್ಮ ಹಾಗೆ ಬಿಡಲಿಲ್ಲ. ಅರ್ಜಿಯ ಜೊತೆಗಿನ ಘೋಷಣೆಯಲ್ಲಿ ಒಂದು ಪ್ರಶ್ನೆಯಿದೆ: ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟು ಓದಲು ನಿಮಗೆ ಆಗುತ್ತದೆಯೇ? ಕನ್ನಡಕ ಹಾಕುವವರಾದರೆ ಹಾಕಿಕೊಂಡೇ. ಇರುಳುಗಣ್ಣು ಇದೆಯೇ, ತಲೆಸುತ್ತು ಬರುತ್ತದೆಯೇ, ಮೂರ್ಛೆಯ ಕಾಯಿಲೆ ಇದೆಯೇ ಎಂಬ ಪ್ರಶ್ನೆಗಳೂ ಇವೆ. ಡಾಕ್ಟರಮ್ಮ ನನ್ನನ್ನು ಆಸ್ಪತ್ರೆಯ ಜಗಲಿಗೆ ಕರೆದುಕೊಂಡು ಹೋಗಿ, ಗೇಟಿನಾಚೆ ನಿಂತಿದ್ದ ಜೀಪಿನ ನಂಬರು ಓದಿ ಎಂದರು. ಮೊದಲ ಎರಡು ಅಂಕಿ ಬಂತು. ಉಳಿದದ್ದು ಮಬ್ಬು.

ಕಪ್ಪುಹಲಗೆಯ ಮುಂದೆ ನಿಲ್ಲುವವಳು ನಾನು, ನನಗೆ ದೂರದ್ದು ಕಾಣದೆ ಎಷ್ಟು ಕಾಲವಾಯಿತೋ. ಮುಸ್ಸಂಜೆಯಲ್ಲಿ ಎದುರಿನ ಗಾಡಿಯ ದೀಪ ನೂರು ಕಡ್ಡಿಗಳಾಗಿ ಒಡೆದು ಕಾಣುವುದು ಎಲ್ಲರಿಗೂ ಹಾಗೇ ಎಂದುಕೊಂಡಿದ್ದೆ. ಕನ್ನಡಕ ಬಂದ ದಿನ ಬಸ್ಸಿನ ಕಿಟಕಿಯಿಂದ ಅದೇ ಹನ್ನೊಂದು ಕಿಲೋಮೀಟರ್ ನೋಡಿದೆ. ಸೇತುವೆಯ ಕಟ್ಟೆಯ ಅಂಚು ಮುರಿದಿರುವುದು, ತಿರುವಿನ ಹತ್ತಿರ ಕೆಂಪು ತ್ರಿಕೋನದ ಫಲಕವೊಂದು ಬಳ್ಳಿಯೊಳಗೆ ನಿಂತಿರುವುದು ಅಂದು ಮೊದಲ ಬಾರಿ ಕಂಡಿತು. ನಮ್ಮ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡು, ಹಿಮೋಗ್ಲೋಬಿನ್ ಕಡಿಮೆ ಎಂದು ಏನಾದರೊಂದು ಇರುತ್ತದೆ. ಮನೆಯವರನ್ನೆಲ್ಲ ಡಾಕ್ಟರ ಬಳಿ ಕರೆದೊಯ್ಯುವವರು ನಾವು, ನಮಗಾಗಿ ಹೋಗುವುದು ಅಪರೂಪ. ಈ ಕಾಗದದ ನೆಪದಲ್ಲಾದರೂ ಹೋಗಿ. ನೋಡದೆ ಸಹಿ ಹಾಕಿಕೊಡುತ್ತೇನೆ ಎನ್ನುವವರ ಬಳಿ ಹೋಗಬೇಡಿ.

ಈಗ ಟ್ರ್ಯಾಕಿನ ಮಾತು. ವರ್ಷ ಮೀರಿದವರ ಎದೆ ಇಲ್ಲೇ ಹೊಡೆದುಕೊಳ್ಳುತ್ತದೆ. ನಲವತ್ಮೂರನೇ ವಯಸ್ಸಿನಲ್ಲಿ, ಹದಿನೆಂಟು ಹತ್ತೊಂಬತ್ತರ ಹುಡುಗ ಹುಡುಗಿಯರ ಸಾಲಿನಲ್ಲಿ ನಿಂತು ಎಂಟು ಹಾಕುವುದು! ಗಾಡಿಯನ್ನು ಅಲ್ಲಿಯವರೆಗೆ ನನ್ನ ತಮ್ಮ ಓಡಿಸಿಕೊಂಡು ಬಂದ, ನಾನು ಹಿಂದೆ ಕೂತು ಬಂದೆ. ಸಾಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇದ್ದ, “ಮಿಸ್, ನೀವಾ?” ಎಂದ. ಇಪ್ಪತ್ತು ವರ್ಷ ಓಡಿಸಿದವಳಿಗೆ ಇದೇನು ಎಂದುಕೊಂಡು ಹೋದೆ. ಮೊದಲ ಸುತ್ತಿನ ಎರಡನೇ ತಿರುವಿನಲ್ಲಿ ಕಾಲು ನೆಲಕ್ಕೆ ತಾಗಿತು. ಇನ್‌ಸ್ಪೆಕ್ಟರ್ ಗದರಲಿಲ್ಲ, ಒಂದು ವಾರ ಬಿಟ್ಟು ಬನ್ನಿ ಎಂದರು.

ಆ ವಾರ ಶಾಲೆಯ ಮೈದಾನದಲ್ಲಿ ಸುಣ್ಣದಿಂದ ಎಂಟು ಎಳೆದು ದಿನಾ ಬೆಳಿಗ್ಗೆ ಅಭ್ಯಾಸ ಮಾಡಿದೆ. ಅಲ್ಲಿ ಕಲಿತದ್ದನ್ನು ಹೇಳುತ್ತೇನೆ. ರಸ್ತೆಯ ಮೇಲೆ ನಾವು ವೇಗದಿಂದ ಗಾಡಿಯನ್ನು ನೆಟ್ಟಗೆ ಇಡುತ್ತೇವೆ. ಎಂಟರಲ್ಲಿ ಆ ವೇಗ ಇರುವುದಿಲ್ಲ, ಅದಕ್ಕೇ ರೂಢಿಯಿದ್ದವರೂ ತಪ್ಪುತ್ತಾರೆ. ಮುಂದಿನ ಚಕ್ರವನ್ನು ನೋಡಬೇಡಿ, ನೋಡಿದರೆ ಅಲ್ಲೇ ಬೀಳುತ್ತೀರಿ. ಕಣ್ಣು ಯಾವಾಗಲೂ ಮುಂದಿನ ತಿರುವಿನ ಕೊನೆಯಲ್ಲಿರಲಿ. ಗೇರಿಲ್ಲದ ಗಾಡಿಯಲ್ಲಿ ಆಕ್ಸಲರೇಟರನ್ನು ಪೂರ್ತಿ ಬಿಡಬಾರದು, ಬಿಟ್ಟ ಕೂಡಲೇ ಗಾಡಿ ಸೋತು ವಾಲುತ್ತದೆ. ತುಸು ಕೊಟ್ಟುಕೊಂಡೇ ಎಡಗೈಯ ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿ ಹಿಡಿದರೆ ಗಾಡಿ ಹದಕ್ಕೆ ಬರುತ್ತದೆ. ಮುಂದಿನ ಬ್ರೇಕ್ ಮುಟ್ಟಲೇಬೇಡಿ. ಭುಜ ಬಿಗಿ ಹಿಡಿಯಬೇಡಿ. ಸೀರೆಯುಟ್ಟು ಹೋಗುವವರು ನೆರಿಗೆ, ಸೆರಗು ಎರಡನ್ನೂ ಪಿನ್ನು ಹಾಕಿ ಭದ್ರಮಾಡಿಕೊಳ್ಳಿ. ಎರಡನೆಯ ಸಲ ಪಾಸಾದೆ. ಸಾಲಿನಲ್ಲಿದ್ದ ಹುಡುಗಿಯರು ಚಪ್ಪಾಳೆ ತಟ್ಟಿದರು. ಹಾಗೆ ತಟ್ಟಿಸಿಕೊಳ್ಳದೆ ಎಷ್ಟು ವರ್ಷವಾಗಿತ್ತು.

ಇಷ್ಟು ಓದಿದ ಮೇಲೆ, “ನಾನೀಗ ಓಡಿಸೋದೇ ಇಲ್ವಲ್ಲ, ನನಗ್ಯಾಕೆ?” ಎಂದುಕೊಳ್ಳುವವರು ನಿಮ್ಮಲ್ಲಿ ಹಲವರಿದ್ದೀರಿ ಎಂದು ನನಗೆ ಗೊತ್ತು. ಮದುವೆಗೆ ಮುಂಚೆ ಓಡಿಸುತ್ತಿದ್ದಿರಿ, ಆಮೇಲೆ ಮಗುವಾಯಿತು, ಮನೆಯಲ್ಲಿ ಕಾರು ಬಂತು, ಓಡಿಸಲು ಅವರಿದ್ದರು. ನಿಮಗೇ ನಾನು ಮುಖ್ಯವಾಗಿ ಈ ಪತ್ರ ಬರೆಯುತ್ತಿರುವುದು. ನಮ್ಮ ಪಕ್ಕದ ತೋಟದ ಮನೆಯ ಅಕ್ಕನಿಗೆ ಕಾರಿನ ಲೈಸೆನ್ಸ್ ಇತ್ತು, ಒಂದು ಕಾಲದಲ್ಲಿ ಘಾಟಿ ಇಳಿದು ಹತ್ತಿದವರು. ಲೈಸೆನ್ಸ್ ಮುಗಿಯಿತು, ಬೇಡವೆಂದು ಬಿಟ್ಟರು, ಕೈಯೂ ಬಿಟ್ಟುಹೋಯಿತು. ಒಂದು ರಾತ್ರಿ ಅವರ ಅತ್ತೆಯ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ಬಲಗೈ ಜೋತುಬಿತ್ತು. ಯಜಮಾನರು ಬೆಂಗಳೂರಿನಲ್ಲಿ. ಅಂಗಳದಲ್ಲಿ ಕಾರು ನಿಂತಿತ್ತು, ಬೀಗದಕೈ ಮೊಳೆಯಲ್ಲಿ ನೇತಾಡುತ್ತಿತ್ತು. ಆಂಬುಲೆನ್ಸ್ ಬರುವ ದಾರಿಯೇ ಹದಿನಾರು ಕಿಲೋಮೀಟರು, ಮಳೆಯ ರಾತ್ರಿ. ಪಾರ್ಶ್ವವಾಯುವಿನಲ್ಲಿ ಒಂದೊಂದು ನಿಮಿಷಕ್ಕೂ ಬೆಲೆಯಿದೆ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದಾಗ ಆ ಅಕ್ಕ ಗೋಡೆಗೆ ತಲೆಯಾನಿಸಿ ನಿಂತಿದ್ದರು. ಅವರ ತಪ್ಪೆಂದು ಯಾರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಅವರೇ ನನಗೆ ಹೇಳಿದರು: “ಆ ಕೀ ನೋಡ್ಕೊಂಡು ನಿಂತ ಹೊತ್ತು ಯಾರಿಗೂ ಬೇಡ ಕಣೇ.”

ಈ ಸಲ ನವೀಕರಿಸಿದರೆ ಮೊದಲಿನಂತೆ ಇಪ್ಪತ್ತು ವರ್ಷ ಸಿಗುವುದಿಲ್ಲ. ಮೂವತ್ತರಿಂದ ಐವತ್ತರೊಳಗಿನವರಿಗೆ 10 ವರ್ಷ. ಐವತ್ತು ದಾಟಿ ಐವತ್ತೈದರೊಳಗೆ ಇದ್ದರೆ 60 ತುಂಬುವವರೆಗೆ. ಆಮೇಲೆ ಐದೈದು ವರ್ಷ. ಹೊಸ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯಲು ಆಗುವುದಿಲ್ಲ, ಹತ್ತು ವರ್ಷದ ಕ್ಯಾಲೆಂಡರ್ ಇಲ್ಲ. ನಾನು ಗಾಡಿಯ ಸೀಟಿನಡಿ, ಇನ್ಶೂರೆನ್ಸ್ ಪ್ರತಿ ಇಡುವ ಕವರಿನ ಮೇಲೆ ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದೇನೆ. ಪ್ರತಿ ವರ್ಷ ಇನ್ಶೂರೆನ್ಸ್ ಕಟ್ಟುವಾಗ ಆ ಕವರು ತೆಗೆಯಲೇಬೇಕು, ಕಣ್ಣಿಗೆ ಬೀಳಲೇಬೇಕು. ಡಿಜಿಲಾಕರಿನಲ್ಲೂ ಇಟ್ಟುಕೊಳ್ಳಿ, ತಪಾಸಣೆಯಲ್ಲಿ ಅದನ್ನು ತೋರಿಸಿದರೂ ನಡೆಯುತ್ತದೆ.

ಕಾರ್ಡು ಸ್ಪೀಡ್ ಪೋಸ್ಟಿನಲ್ಲಿ ಬಂತು. ನಾನು ಹಿತ್ತಲಲ್ಲಿ ಅಡಿಕೆ ಹರವುತ್ತಿದ್ದೆ, ಮಗ ಸಹಿ ಹಾಕಲು ಹೋದ. ಅಂಚೆಯಣ್ಣ ಒಪ್ಪಲಿಲ್ಲ, “ಅಮ್ಮನ ಹೆಸರಿಗೆ ಬಂದಿದೆ, ಅಮ್ಮನೇ ಬರ್ಲಿ” ಎಂದರು. ಕೈ ತೊಳೆದುಕೊಂಡು ಹೋಗಿ ಸಹಿ ಹಾಕಿದೆ. ಕನ್ನಡಕ ಹಾಕಿದ, ಕೂದಲು ಅಲ್ಲಲ್ಲಿ ಬೆಳ್ಳಗಾದ ನನ್ನ ಮುಖ, ಕೆಳಗೆ ಅಪ್ಪನ ಹೆಸರು, 2035ರ ನವೆಂಬರಿನ ಒಂದು ತಾರೀಖು.

ಸುಣ್ಣದ ಗೆರೆ ಶಾಲೆಯ ಮೈದಾನದಲ್ಲಿ ಇನ್ನೂ ಇದೆ, ಮಾಸಿದಾಗಲೆಲ್ಲ ಮಕ್ಕಳು ಮತ್ತೆ ಎಳೆಯುತ್ತಾರೆ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಪರೀಕ್ಷೆಗೆ ಹೋಗಬೇಕಾದವರು, ಕೈ ಬಿಟ್ಟುಹೋಗಿದೆ ಎಂದು ಹೆದರುವವರು ನಮ್ಮ ಸುತ್ತಿನಲ್ಲಿ ಯಾರಿದ್ದರೂ ಭಾನುವಾರ ಬೆಳಿಗ್ಗೆ ಆರೂವರೆಗೆ ಬನ್ನಿ. ಮೈದಾನದವರೆಗೆ ಗಾಡಿಯನ್ನು ಲೈಸೆನ್ಸ್ ಇರುವ ಯಾರಾದರೂ ತಂದು ಕೊಡಲಿ. ಹೆಲ್ಮೆಟ್ ಮರೆಯಬೇಡಿ. ಫ್ಲಾಸ್ಕಿನಲ್ಲಿ ಕಾಫಿ ನಾನು ತರುತ್ತೇನೆ. ದೂರದ ಊರಿನವರು ನಿಮ್ಮೂರಿನ ಮೈದಾನದಲ್ಲೇ ಒಂದು ಎಂಟು ಎಳೆದುಕೊಳ್ಳಿ, ನಾಲ್ಕು ಜನ ಸೇರಿಕೊಳ್ಳಿ.

ಇತಿ ನಿಮ್ಮ ವಿಶ್ವಾಸದ,
ಒಬ್ಬ ಶಿಕ್ಷಕಿ